ಹೊಕ್ಕಳ ಮಟ್ಟದಲ್ಲಿ

ಹೊಕ್ಕಳ ಎರಡೂ ಬದಿ ಪೆನ್ನಿನ ಚುಕ್ಕೆ ಇಟ್ಟಿದ್ದೇನೆ,
ಪ್ರತಿ ಸಲ ಟೇಪು ಅಲ್ಲೇ ಹಾಯಬೇಕೆಂದು.
ರಾತ್ರಿ ಹತ್ತಕ್ಕೆ ಎಪ್ಪತ್ತೆಂಟು.

ಅಪ್ಪ ಮೈಂದರ್ಗಿಯ ಬಜಾರಿನಲ್ಲಿ ಅಂಗಿ ಹೊಲಿಯುತ್ತಿದ್ದ.
ಅಳತೆ ಹಿಡಿವಾಗ ಟೇಪಿನೊಳಗೆ ಎರಡು ಬೆರಳು ತೂರಿಸಿ
'ಇಷ್ಟು ಸಡಿಲ ಬಿಡಬೇಕವ್ವಾ,
ಮನಶ್ಯಾ ಉಂಡ ಮ್ಯಾಲೂ ಅಂಗಿ ಹಿಡೀಬೇಕು' ಅನ್ನುತ್ತಿದ್ದ.
ಇಲ್ಲಿ ಸಡಿಲ ಬಿಡುವಂತಿಲ್ಲ.
ಇಲ್ಲಿ ಯಾರೂ ಉಂಡಿಲ್ಲ.

ಸೊಲ್ಲಾಪುರದ ಈ ಐಸಿಯುನಲ್ಲಿ
ಚಾರ್ಟು ಇಂಗ್ಲಿಷಿನಲ್ಲಿ, ಡ್ಯೂಟಿ ಒಪ್ಪಿಸುವುದು ಮರಾಠಿಯಲ್ಲಿ,
ನರಳುವುದು ಮಾತ್ರ ಅವರವರ ಊರಿನದು.
ನಾಲ್ಕನೇ ಹಾಸಿಗೆ. ಗುರುಶಾಂತ. ಇಪ್ಪತ್ತೆರಡು.
ದುಧನಿ ರಸ್ತೆಯಲ್ಲಿ ಬೈಕಿನ ಹ್ಯಾಂಡಲ್ಲು
ಎಡ ಪಕ್ಕೆಯ ಕೆಳಗೆ ನೆಟ್ಟಿತ್ತು.
ಮೇಲೊಂದು ದುಂಡನೆ ಕಪ್ಪು ಗುರುತು, ನಾಣ್ಯದಷ್ಟು.
ರಕ್ತ ಒಂದು ಹನಿಯೂ ಹೊರಬಂದಿಲ್ಲ.
ಅದಕ್ಕೇ ನನಗೆ ಭಯ.

ಡಾಕ್ಟರು ಕೇಳಿದರು: 'ದುಖತಯ್ ಕಾ?'
ಹುಡುಗ 'ಥೋಡಂ' ಅಂದ.
ಪರರ ಮಾತಿನಲ್ಲಿ ನೋವು ಯಾವಾಗಲೂ ಥೋಡಂ.
ಅವರು ಹೋದ ಮೇಲೆ ನಾನು ಕೇಳಿದೆ: 'ಹ್ಯಾಂಗೈತಪಾ?'
'ಹೊಟ್ಟಿ ಬಿಗದಂಗ ಆಗೈತ್ರೀ ಅಕ್ಕಾರ.
ಇದ್ಯಾಕೋ, ಎಡಗಡಿ ಹೆಗಲ ತುದಿಗಿ
ಸಳಕ್ ಅಂತ ಹೊಡೀತೈತಿ.
ಹೆಗಲಿಗೇನೂ ಬಡದಿಲ್ರೀ.'

ಬಡಿದಿಲ್ಲ, ಗೊತ್ತು.
ಗುಲ್ಮ ಒಡೆದರೆ ತನ್ನ ಮನೆಯಲ್ಲಿ ಅಳುವುದಿಲ್ಲ,
ಹೆಗಲಿಗೆ ಹೋಗಿ ಅಳುತ್ತದೆ.

ಹನ್ನೆರಡಕ್ಕೆ ಎಪ್ಪತ್ತೊಂಬತ್ತೂವರೆ. ನಾಡಿ ನೂರಾ ಆರು.
ಒಂದಕ್ಕೆ ಮೂತ್ರದ ಚೀಲದಲ್ಲಿ ಇಪ್ಪತ್ತು ಎಂಎಲ್, ಹೆಚ್ಚಿಲ್ಲ.
ಅಂಗೈ ಇಟ್ಟೆ. ಸಂಜೆ ಕಣಕದಂತಿದ್ದ ಹೊಟ್ಟೆ
ಈಗ ಕಟಕ ರೊಟ್ಟಿ.
ಸ್ಟೆತಾಸ್ಕೋಪಿಟ್ಟು ಎರಡು ನಿಮಿಷ ಕಿವಿಗೊಟ್ಟೆ:
ಕರುಳು ಸುಮ್ಮನಿತ್ತು,
ಕರೆಂಟು ಹೋದ ಮಗ್ಗದ ಓಣಿಯಂತೆ.
ಎರಡಕ್ಕೆ ಎಂಬತ್ತೊಂದು.

ಡಾಕ್ಟರ ಬಾಗಿಲು ಬಡಿದೆ.
'ಮೂರು ಸೆಂಟಿಮೀಟರಿಗೆ ಎಬ್ಬಿಸ್ತೀರಾ ಸಿಸ್ಟರ್?'
'ಹೌದು ಸರ್. ಹೆಗಲೂ ನೋಯ್ತಿದೆ' ಅಂದೆ,
ಮರಾಠಿಯಲ್ಲಿ, ಥೋಡಂ ಎನ್ನದೆ.
ಅವರು ಚಪ್ಪಲಿ ಹುಡುಕಲಿಲ್ಲ.

ಎರಡನೇ ಹಾಸಿಗೆಯ ಬಗ್ಗೆಯೂ ಹೇಳಬೇಕು.
ಕಬ್ಬಿನ ಟ್ರಾಲಿಯಡಿ ಸಿಕ್ಕ ಪರಮಣ್ಣ.
ಅದೇ ಟೇಪು, ಅವೇ ಚುಕ್ಕೆ, ಗಂಟೆಗೊಂದು ಅಳತೆ.
ಹೇಳಬೇಕಾದಾಗ ಹೇಳಿದೆ, ತೆರೆಯಬೇಕಾದಾಗ ತೆರೆದರು.
ಮೂರನೇ ದಿನ ಬೆಳಗಿನ ಐದಕ್ಕೆ ಅಳತೆ ನಿಂತಿತು.
ಎಂಬತ್ತಾರು.
ಒಯ್ಯಲು ಬಾರದೆ ಹೋದವರ ಅಂಗಿಯಂತೆ
ಆ ಸಂಖ್ಯೆ ನನ್ನಲ್ಲೇ ಉಳಿದಿದೆ.

ಗುರುಶಾಂತನ ತಲೆಯ ಮೇಲೆ ಬೋರ್ಡು:
ಬಾಯಿಂದ ಏನೂ ಕೊಡಬಾರದು.
ಗಾಜಿನಾಚೆ ಒಬ್ಬ, ಮೂರು ದಿನದಿಂದ ಅದೇ ಅಂಗಿ.
ಲಾಡ್ಲೆಸಾಬ. ಬೈಕು ಅವನದು.
'ಬ್ರೇಕಿನ ವಾಯರ್ ಸಡಿಲ ಇತ್ರೀ. ನನಗ ಗೊತ್ತಿತ್ತು.
ಕೊಡೂ ಮುಂದ ಹೇಳಲಿಲ್ಲ.
ಹೊಟ್ಟಿಗಿ ಹಾಕ್ಕೋ ಅನ್ರೀ ಅವಗ.'
ನಾನು ಬೋರ್ಡಿನತ್ತ ನೋಡಿದೆ.
'ತಡಿಯಪಾ. ಸದ್ಯ ಅವನ ಹೊಟ್ಟಿಗಿ
ನೀರು ಸೈತ ಹಾಕೂ ಹಂಗಿಲ್ಲ.'

ನಾಲ್ಕನೇ ನಸುಕಿಗೆ, ಮಗ್ಗುಲು ಬದಲಿಸುವಾಗ
ಚಾದರದಡಿ ಒಂದು ಸಣ್ಣ ಸದ್ದು.
ಹುಡುಗ ನಾಚಿ ಗೋಡೆಗೆ ಮುಖ ತಿರುಗಿಸಿದ.
ನಾನು ಆಚೆಯ ಸಿಸ್ಟರನ್ನು ಕೂಗಿ ಕರೆದೆ,
ಮನೆಯಲ್ಲಿ ಲಗ್ನ ಗೊತ್ತಾದವರಂತೆ.
ಚಾರ್ಟಿನ ಇಂಗ್ಲಿಷು ಮರೆತು
'ಗಾಳಿ ಹೋಯಿತು' ಎಂದು ಕನ್ನಡದಲ್ಲೇ ಬರೆದು
ಆಮೇಲೆ ಹೊಡೆದುಹಾಕಿದೆ.
ಕಿವಿಯಲ್ಲಿ ಮಗ್ಗಗಳು, ಅಲ್ಲೊಂದು ಇಲ್ಲೊಂದು, ಶುರುವಾಗಿದ್ದವು.

ಎಪ್ಪತ್ತೇಳು.
ಲೆಕ್ಕಕ್ಕಲ್ಲ, ಸುಮ್ಮನೆ,
ಟೇಪಿನೊಳಗೆ ಎರಡು ಬೆರಳು ತೂರಿಸಿ ನೋಡಿದೆ.

ಡಾಕ್ಟರು ಒಪ್ಪಿದ ಎರಡು ಚಮಚ ನೀರು ಕುಡಿಸಿ
ಲಾಡ್ಲೆಸಾಬನ ಮಾತು ಮುಟ್ಟಿಸಿದೆ.
ನಗಲು ಹೋಗಿ, ಹೊಲಿಗೆ ಒತ್ತಿ ಹಿಡಿದು ಅಂದ:
'ಮೊದಲ ಅರ್ಧಾ ಕಪ್ ಚಹಾ ಹಾಕಸ್ರೀ ಅಕ್ಕಾರ,
ಉಳಿದದ್ದು ಆಮ್ಯಾಲ ನೋಡೂಣು.'

ಚಹಾ ನಾಳೆ, ಅಂದೆ.