ಎರಡೂಕಾಲರ ಮೊಟ್ಟೆ

ರಾತ್ರಿ ಎಂಟಕ್ಕೆ ಹಾರ್ಮೋನು ಹನಿಸಿದೆವು.
ಅಲ್ಲಿಂದ ಹದಿನೈದು ನಿಮಿಷಕ್ಕೊಮ್ಮೆ
ಆರಾರು ಮೊಟ್ಟೆ ಹೆಕ್ಕಿ
ಫಾರ್ಮಲಿನ್ನಿಗೆ ಹಾಕುವುದು ನನ್ನ ಕೆಲಸ.
ಸೀಸೆಗಳಿಗೆ ಹೆಸರಿಲ್ಲ, ಹೊತ್ತು ಮಾತ್ರ:
ಒಂಬತ್ತೂಕಾಲು. ಒಂಬತ್ತೂವರೆ.
ಸಾಸಿವೆಯಷ್ಟೇ ಗಾತ್ರ,
ಮೇಲರ್ಧ ಹುರಿದ ಕಾಫಿಬೀಜ, ಕೆಳಗರ್ಧ ಕೆನೆ.

ಇವುಗಳ ತಾಯಂದಿರನ್ನು ಸಾಕುವವನು ಬಚ್ಚಪ್ಪ, ಯಲಹಂಕದವನು.
ಕಾವೇರಿ ನೀರಿನ ಕ್ಲೋರಿನ್ನು ಕಪ್ಪೆಗೆ ಆಗಿಬರುವುದಿಲ್ಲವೆಂದು
ಎರಡು ದಿನ ತೊಟ್ಟಿಯಲ್ಲಿ ಹಳೆಯದಾಗಲು ಬಿಟ್ಟು ಆಮೇಲೆ ಹಾಯಿಸುತ್ತಾನೆ.
ಶುಕ್ರವಾರ ಶುಕ್ರವಾರ
ನಿಜವಾಗಿಯೂ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುತ್ತಾನೆ.
‘ಗಾದೆ ಕಟ್ಟಿದೋನಿಗೆ ಮುಚ್ಚಳದ ಡಬ್ಬಿ ಗೊತ್ತಿರಲಿಲ್ಲ ಕಣಮ್ಮಾ.’
ಆಫ್ರಿಕದ ಜಾತಿ, ನಾಲಿಗೆಯಿಲ್ಲ.
ಹೆಬ್ಬಾಳದಲ್ಲಿ ಎಷ್ಟು ಮಳೆ ಹೊಡೆದರೂ ವಟಗುಟ್ಟುವುದಿಲ್ಲ.

ಹೊರಗೆ ಮಾಗಿ. ತಟ್ಟೆಯಲ್ಲಿ ಮಾಗುವುದು.
ಈ ಎರಡು ಮಾತಿಗೆ ನೆಂಟಸ್ತನ ಉಂಟೋ ಇಲ್ಲವೋ
ಕೇಳೋಣವೆಂದರೆ ಪ್ರಿಸಿಲ್ಲಾ
ಸ್ಟೂಲಿನ ಮೇಲೇ ತೂಕಡಿಸುತ್ತಿದ್ದಳು.
ಬಳ್ಳಾರಿ ರಸ್ತೆಯಲ್ಲಿ ಮೆಟ್ರೋ ಕಂಬದ ಸಾರವೆ ಬಿಚ್ಚುತ್ತಿದ್ದರು,
ಕೊಳವೆಗೆ ಕೊಳವೆ ತಾಗುವ ಸದ್ದು
ಚಳಿಯಲ್ಲಿ ಬಲು ಹತ್ತಿರ.

ಎರಡೂಕಾಲಿಗೆ
ಒಂದು ಕಪ್ಪು ನೆತ್ತಿಯಲ್ಲಿ ಬಿಳಿ ಚುಕ್ಕೆ.
ಕಣ್ಣುಜ್ಜಿದೆ, ಹೋಗಲಿಲ್ಲ.
ಒಳಗಿನ ದೊಡ್ಡ ಕೋಶಕೇಂದ್ರದ ಗೋಡೆ ಒಡೆಯಿತೆಂದು ಅರ್ಥ.
ಹೊರಗಿನವರಿಗೆ ಅದು ಕೊಡುವ ಸುದ್ದಿ ಅಷ್ಟೇ.

ಮುಂದಿನ ಬುಧವಾರ
ಬಣ್ಣ ಕುಡಿಸಿ ಎಣ್ಣೆಯಂಥ ದ್ರವದಲ್ಲಿ ಅದ್ದಿದಾಗ
ಬೆಣ್ಣೆಯುಂಡೆ ಗಾಜಿನ ಗೋಲಿಯಾಯಿತು.
ಕತ್ತಲ ಕೋಣೆ, ಲೇಸರು, ಪದರ ಪದರ.
ಎಂಟರ ಮೊಟ್ಟೆಯಲ್ಲಿ ಅಂಚಿನಿಂದ ನಡುವಿಗೆ ನೂಲೇ ನೂಲು.
ಎರಡರದರಲ್ಲಿ ಆ ನೂಲೆಲ್ಲ ಎಲ್ಲಿ?
ಕೇಂದ್ರದ ತಳದಲ್ಲಿ ಒಂದು ತಟ್ಟೆ,
ತಟ್ಟೆಯ ತುಂಬ ಮೇಲಕ್ಕೆ ನಿಗುರಿದ ಎಳೆ.
ಎರಡೂಕಾಲರದರಲ್ಲಿ ಅದು
ವರ್ಣತಂತುಗಳನ್ನು ಹೊತ್ತು ನೆತ್ತಿಯ ದಾರಿ ಹಿಡಿದಿದೆ.
ಮೂರೂಮುಕ್ಕಾಲಿಗೆ ಅಡ್ಡ ಮಲಗಿದ ಪುಟ್ಟ ಕದಿರು,
ನಾಲ್ಕೂಕಾಲಿಗೆ ಎದ್ದು ನಿಂತಿದೆ.

ಮೇಡಂ ಸ್ಪಿಂಡಲ್ ಅಂದರು.
ನಾನು ಬಾಯಿತಪ್ಪಿ ಕದಿರು ಅಂದೆ.
ಕಬ್ಬನ್‌ಪೇಟೆಯ ಓಣಿಯಲ್ಲಿ, ಮಗ್ಗದ ಗದ್ದಲದಲ್ಲಿ,
ಅಮ್ಮ ಇವತ್ತಿಗೂ ಕಂಡಿಕೆ ಸುತ್ತುತ್ತಾಳೆ.
ಕದಿರು ಕೂದಲೆಳೆಯಷ್ಟು ಓಲಿದರೂ ತಲೆಯೆತ್ತದೆ ಗದರುತ್ತಾಳೆ.
ಅದು ಕಬ್ಬಿಣದ್ದು. ಇಲ್ಲಿ ನೂಲೇ ಕದಿರು.
ನೂಲುವ ಕೈಯಿಲ್ಲ, ರಾಟೆಯಿಲ್ಲ,
ಮೊದಲಿನ ಹಾಸನ್ನು ಕಳಚಿ
ಅದೇ ಸರಕಿನಲ್ಲಿ ಮತ್ತೊಂದು.

ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ.
ಮುದ್ದೆ ಮುರಿಯುತ್ತ ಕೇಳಿಸಿಕೊಂಡು,
‘ಹಳೇ ನೂಲು ತುದಿಯಿಂದ ಬಿಚ್ಕೊಂತಾ,
ಇಲ್ಲಾ ನಡೂಮಧ್ಯ ಕತ್ತರಿಸ್ತಾ?’ ಅಂದಳು.
ನನಗೆ ಗೊತ್ತಿರಲಿಲ್ಲ.
ಬೆಳಿಗ್ಗೆ ಮೇಡಂಗೆ ಕೇಳಿದೆ.
ಅವರು ಪೆನ್ನು ಕೆಳಗಿಟ್ಟು,
‘ಯಾರು ಕೇಳಿದ್ದು?’ ಅಂದರು.

ಚಿತ್ರಗಳನ್ನು ಸಾಲಾಗಿ ಹಚ್ಚಿದ್ದೇವೆ ಗೋಡೆಗೆ.
ನೋಡಿದವರು ಒಂದು ಮೊಟ್ಟೆ ಮಾಗಿದ ಕತೆ ಎನ್ನುತ್ತಾರೆ.
ಹಾಗೆ ಮಾಗಿದ ಮೊಟ್ಟೆಯೇ ಅಲ್ಲಿಲ್ಲ.
ಎರಡೂಕಾಲರದಕ್ಕೆ ಎರಡೂವರೆ ಆಗಲೇ ಇಲ್ಲ.
ಇನ್ನೂರಕ್ಕೂ ಮೀರಿ ಮೊಟ್ಟೆಗಳು
ತಲೆಗೊಂದು ಗಳಿಗೆ ಕೊಟ್ಟವು,
ಹೊಲಿದವರು ನಾವು.

ಅವತ್ತು ಆರಕ್ಕೆ ಬಚ್ಚಪ್ಪ ಫ್ಲಾಸ್ಕು ತಂದ.
‘ಮಾಗಿದ್ವಾ?’
ಫಾರ್ಮಲಿನ್ನು ಕಾಣದ ಹನ್ನೊಂದು ತಟ್ಟೆಯಲ್ಲಿ ಉಳಿದಿದ್ದವು.
ಎಲ್ಲಕ್ಕೂ ನೆತ್ತಿಯಲ್ಲಿ ಚುಕ್ಕೆ.
ಒಳಗೆ ಎರಡನೇ ಕದಿರು ನಿಂತಿರಬೇಕು ಅಷ್ಟು ಹೊತ್ತಿಗೆ,
ತಂತುಗಳನ್ನು ನಡುವಿಗೆ ಸಾಲಿಟ್ಟು,
ಹೊರಗಿನಿಂದ ಒಬ್ಬರು ಬರುವ ತನಕ ಅಲುಗುವಂತಿಲ್ಲ.
ಯಾರೂ ಬರುವವರಿರಲಿಲ್ಲ.
ಬ್ಲೀಚಿಗೆ ಸುರಿಯಬೇಕು, ನಿಯಮ.
ಕಾಫಿ ಮುಗಿಯುವವರೆಗೆ
ಹಾಗೇ ಇಟ್ಟುಕೊಂಡೆ.
ಬೇಗ ಕುಡಿಯಲಿಲ್ಲ.