ತುದಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹಿಂದಿನ ಓಣಿಗೆ
ಯೂರೋಪಿನ ಐದು ದೇಶದ ಏಳು ಜನ ಬಂದರು
ಒಂದೇ ಟೆಂಪೋದಲ್ಲಿ, ಒಂದೇ ಪ್ರಶ್ನಾವಳಿ ಹಿಡಿದು.
ನಾನು ರೇಷ್ಮೆ ಇಲಾಖೆಯಿಂದ ನಿವೃತ್ತ,
ಮೂವತ್ತೊಂದು ವರ್ಷ ಹುಳದ ರೋಗ ನೋಡಿದವನು,
ದಿನಕ್ಕಿಷ್ಟು ಎಂದು ಮಾತಾಡಿ ದುಭಾಷಿಯಾದೆ.

ನೂರ್‌ಜಾನಮ್ಮನ ಶೆಡ್ಡು ಹತ್ತಡಿಗೆ ಹದಿನಾಲ್ಕು.
ಕುದಿವ ತೊಟ್ಟಿ, ಬೆಂದ ಹುಳದ ವಾಸನೆ.
ಎಂಟು ಗೂಡಿನ ಎಂಟು ಎಳೆ, ಕಣ್ಣಿಗೆ ಕಾಣದವು,
ಅವಳ ಬೆರಳ ಸಂದಿಯಲ್ಲಿ ಒಂದಾಗಿ
ರಾಟೆ ಏರುತ್ತಿದ್ದವು.
"ತುದಿ ಸಿಗಬೇಕು ಅಷ್ಟೇ ಸಾರ್,
ಆಮೇಲೆ ಗೂಡು ತಾನೇ ಬಿಚ್ಚಿಕೊಳ್ಳುತ್ತೆ."

ಪೋಲೆಂಡಿನ ಡಾಕ್ಟರು ಕೊಳವೆ ಕೊಟ್ಟು ಊದಮ್ಮ ಅಂದರು.
ಒಲೆ ಊದಿದ ಹಾಗೆ ಊದಿದಳು.
ಪರದೆಯ ಮೇಲೆ ಗೆರೆ ಎದ್ದು, ಬೇಗ ಕುಸಿಯಿತು.
ಲಿಯೋನ್ ಊರಿನ ರಸಾಯನದವಳು
ಮೂರು ಸೀಸೆಗೆ ಚರಂಡಿ ನೀರು ತುಂಬಿ ಚೀಟಿ ಅಂಟಿಸಿದಳು,
ಖಾಲಿ ಸೀಸೆ ಕೇಳಿಕೊಂಡು ಹುಡುಗರು ಹಿಂದೆ ಬಿದ್ದರು.
ಕಿಲೋ ನೂಲಿಗೆ ಎಷ್ಟು ಉಳಿಯುತ್ತೆ, ಡೆನ್ಮಾರ್ಕಿನವರ ಪ್ರಶ್ನೆ.
"ಯಾವ ದಿನದ್ದು ಹೇಳಲಿ?"
ಇದು ಮನೆಯೋ ಕಾರ್ಖಾನೆಯೋ, ಎಸ್ಟೋನಿಯಾದ ವಕೀಲರ ಪ್ರಶ್ನೆ.
ಅವಳು ಗದ್ದದಲ್ಲೇ ತೋರಿಸಿದಳು:
ಆ ಕಡೆ ತೊಟ್ಟಿಲು,
ಈ ಕಡೆ ತೊಟ್ಟಿ.

ಸರ್ಕಾರದ ಪಾಲಿಸಿ ಬಗ್ಗೆ ಕೇಳಿ ಅಂದರು, ಕೇಳಿದೆ.
"ಇತ್ತು. ಕಂತು ಕಟ್ಟಲಿಲ್ಲ, ಮುಳುಗಿಹೋಯ್ತು."
ಇದನ್ನು ಹಾಗೇ ಇಂಗ್ಲಿಷಿಗೆ ತಂದೆ.
ಎಲ್ಲರೂ ಗಂಭೀರವಾಗಿ ಬರೆದುಕೊಂಡರು.

ಸಂಜೆ ಲಾಡ್ಜಿನ ಮಹಡಿ ಮೇಲೆ ಜಗಳ.
ಚಿಮಣಿ ಮೊದಲು ಅಂದರು ಡಾಕ್ಟರು.
ಹೊಗೆ ಮೇಲೆ ಹೋದರೂ ನೀರು ಕೆಳಗೇ ಹೋಗುತ್ತಲ್ಲ, ರಸಾಯನದವಳು.
ಸಾಲ ಯಾರ ಹೆಸರಲ್ಲಿ?
ಕಾರ್ಖಾನೆ ಅಂದರೆ ಕಾಯ್ದೆ ಬರುತ್ತೆ,
ಮನೆ ಅಂದರೆ ಯಾರೂ ಬರುವುದಿಲ್ಲ.
ಆಡಿದ್ದು ಇಂಗ್ಲಿಷೇ, ಆದರೆ ಒಬ್ಬೊಬ್ಬರದು ಒಂದೊಂದು.
ಅಲ್ಲೂ ದುಭಾಷಿ ಬೇಕಿತ್ತು.
ಆ ಕೆಲಸಕ್ಕೆ ಕೂಲಿ ಮಾತಾಗಿರಲಿಲ್ಲ,
ಬೋಂಡಾ ತಿಂದು ಸುಮ್ಮನಿದ್ದೆ.
ಉಳಿದಿಬ್ಬರು ಏನು ಓದಿದ್ದರೋ
ಕೊನೆಗೂ ತಿಳಿಯಲಿಲ್ಲ.

ಅಲ್ಲ, ಒಬ್ಬಳದು ತಿಳಿಯಿತು, ಮಾರನೆಯ ದಿನ.
ಓರ್ನೆಲ್ಲಾ, ಇಟಲಿಯ ಕೋಮೋ ಕಡೆಯವಳು, ಚರಿತ್ರೆ ಓದಿದವಳು,
ಪ್ರಶ್ನಾವಳಿ ತೆಗೆಯದೆ ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು.
ನೂರ್‌ಜಾನಮ್ಮನ ಉಗುರು ನೋಡಿದಳು, ನೀರು ಕುಡಿದು
ಬಿಳುಚಿದ ಬೆರಳ ತುದಿ ನೋಡಿದಳು.
ನಮ್ಮಜ್ಜಿಯದೂ ಹೀಗೇ ಇತ್ತು ಅಂದಳು.
ಆ ಗಿರಣಿ ಮುಚ್ಚಿ ಅರವತ್ತು ವರ್ಷ,
ತೊಟ್ಟಿ ಈಗ ಗಾಜಿನ ಒಳಗಿದೆ, ಒಣಗಿಕೊಂಡು,
ನೋಡುವುದಕ್ಕೆ ಟಿಕೆಟ್ಟು.

ರಾಟೆ ನಿಲ್ಲಿಸದೆ ನೂರ್‌ಜಾನಮ್ಮ ಕೇಳಿದಳು:
"ಮುಚ್ಚಿದ ಮೇಲೆ ಆ ಹೆಂಗಸರು ಏನು ಮಾಡಿದರು?"

ನಾನು ಹೇಳಿದೆ. ಇಂಗ್ಲಿಷಿನಲ್ಲಿ ಚಿಕ್ಕ ವಾಕ್ಯ.
ಡಾಕ್ಟರು ಕೊಳವೆ ಒರೆಸಿದರು.
ಲೆಕ್ಕದವರು ಓರ್ನೆಲ್ಲಾಳ ಮುಖ ನೋಡಿದರು,
ಓರ್ನೆಲ್ಲಾ ನೀರು ನೋಡಿದಳು.
ಅಜ್ಜಿಯದು ಗೊತ್ತು ಅಂದಳು, ಉಳಿದವರದು ಯಾರೂ ಬರೆದಿಡಲಿಲ್ಲ.
ಅಷ್ಟರಲ್ಲಿ ಒಂದೆಳೆ ಹರಿಯಿತು. ನಮಗ್ಯಾರಿಗೂ ಕಾಣಲಿಲ್ಲ.
ಅವಳು ಇನ್ನೊಂದು ಗೂಡಿನ ತುದಿ ಹಿಡಿದು
ಓಡುವ ನೂಲಿಗೆ ಎಸೆದಳು. ಅಂಟಿಕೊಂಡಿತು.

ಪ್ರಶ್ನಾವಳಿಯಲ್ಲಿ ನಲವತ್ತೊಂದು ಪ್ರಶ್ನೆ ಅಚ್ಚಾಗಿದ್ದವು.
ನಲವತ್ತೆರಡನೆಯದನ್ನು ಪೆನ್ನಿನಲ್ಲಿ ಬರೆದರು,
ಏಳು ಪ್ರತಿಯಲ್ಲಿ, ಏಳು ಥರದ ಕೈಬರಹ.

ಎರಡು ವರ್ಷಕ್ಕೆ ದಪ್ಪ ಪುಸ್ತಕ ಅಂಚೆಯಲ್ಲಿ ಬಂತು.
ನನ್ನ ಹೆಸರು ತಪ್ಪು, ಊರು ಸರಿ.
ನಲವತ್ತೆರಡರ ಮುಂದೆ
'ಮುಂದಿನ ಹಂತದಲ್ಲಿ' ಎಂದಿತ್ತು.
ಶೆಡ್ಡಿಗೆ ಹೋಗಿ ಓದಿ ಹೇಳಿದೆ.
"ಹಂಗಾದ್ರೆ ಹುಡುಕ್ತಾ ಇದಾರೆ," ಅಂದಳು,
ಕಣ್ಣು ತೊಟ್ಟಿಯಿಂದ ಎತ್ತಲಿಲ್ಲ.

ಮೇಲೆ ತಗಡಿನ ಚಿಮಣಿ, ಹೊಸದು, ತುಸು ವಾಲಿದೆ.
ಯಾರ ಲೆಕ್ಕದ ದುಡ್ಡೋ
ಇನ್ನೂ ಇತ್ಯರ್ಥವಾಗಿಲ್ಲ.