ಐದನೆಯ ಬಟ್ಟಲು

ಮೇಣ ಕೆರೆಯುವ ಕೆಲಸ ಪ್ರತಿ ಡಿಸೆಂಬರ್ ನನ್ನದೇ.
ತಿರ್ಜಾಳ ಅಜ್ಜಿ ಚೆರ್ನೊವಿಟ್ಸಿನಿಂದ ಹೊತ್ತು ತಂದ ಹಿತ್ತಾಳೆ ದೀಪ,
ಒಂಬತ್ತು ಬಟ್ಟಲು, ಒಂದು ತುಸು ವಾರೆ.
ಬಿಸಿನೀರು, ಹಲ್ಲುಕಡ್ಡಿ, ಹಳೆಯ ಬನಿಯನ್ನಿನ ಚೂರು.
ಕಿಟಕಿಯಾಚೆ ಮಾಂಟ್ರಿಯಲ್ಲಿನ ಹಿಮ ಗುಡಿಸುವ ಲಾರಿ,
ಒಳಗೆ ನನ್ನ ಕ್ರಿಸ್ಮಸ್ ಮರ, ಇನ್ನೂ ಒಂದು ಮಗ್ಗುಲು ಬೋಳು.

ಈ ಸಲ ಎರಡೂ ಹಬ್ಬ ಒಂದೇ ಸಂಜೆಗೆ ಬಂದಿವೆ.
ಬಾಣಲೆಯಲ್ಲಿ ಆಲೂಗಡ್ಡೆ ಚುರುಗುಡುತ್ತಿದೆ.
ಹಂದಿಮಾಂಸದ ಪೈ ಬಿಟ್ಟು ಅಣಬೆಯದು ಮಾಡಿದ್ದೇನೆ;
ಅಪ್ಪ ಇದ್ದಿದ್ದರೆ ಮೂತಿ ತಿರುವುತ್ತಿದ್ದ.

ನೀಲಿ, ಬಿಳಿ, ಹಳದಿ,
ಸಿಪ್ಪೆಸಿಪ್ಪೆಯಾಗಿ ಏಳುತ್ತದೆ ಹೋದ ವರ್ಷ.
ಐದನೆಯ ಬಟ್ಟಲಿನ ತಳದಲ್ಲಿ ಮಾತ್ರ
ಕೆಂಪು.

ನಮ್ಮ ಡಬ್ಬಿಯಲ್ಲಿ ಕೆಂಪು ಬತ್ತಿ ಇರುವುದೇ ಇಲ್ಲ.
ನಾಲ್ಕು ರಾತ್ರಿ ಹಚ್ಚಿದ್ದೆವು. ಐದನೆಯ ದಿನ ನೋವು,
ಏಳು ತಿಂಗಳಿಗೇ ಮಗಳು;
ಆಸ್ಪತ್ರೆಯ ಗಾಜಿಗೆ ಹಣೆ ಒತ್ತಿ ನಿಂತಿದ್ದೆವು ಇಬ್ಬರೂ.
ಬೆಕ್ಕಿಗೆ ಹಾಲು ಹಾಕಲು ಮನೆಯಲ್ಲಿ ಅಮ್ಮ:
ನಮ್ಮ ಮದುವೆಗೆ ಬಾರದವಳು,
ಸೊಸೆಯೊಂದಿಗೆ ಎಣ್ಣೆ ಸೀಗೆಕಾಯಿ.

ಹಳೆಯವನ್ನೂ ಮತ್ತೆ ಹಚ್ಚಬೇಕೆಂದು ಅವಳಿಗೇನು ಗೊತ್ತು?
ಖಾಲಿ ಬಟ್ಟಲು ಹುಡುಕಿ
ತನ್ನ ಹಬ್ಬದ ಮೇಜಿನ ಕೆಂಪು ಮೊಂಬತ್ತಿಯ ತುಂಡು ಒಂದನ್ನೇ
ಕರಗಿಸಿ ನಿಲ್ಲಿಸಿದ್ದಾಳೆ.
ಬಾಯಿಗೆ ಬಂದದ್ದು ಮರಿಯಮ್ಮನ ಪ್ರಾರ್ಥನೆಯೇ ಇರಬೇಕು.
ಈವರೆಗೆ ಒಂದು ಮಾತು ಆಡಿಲ್ಲ.

‘ಐದನೆಯದು ಹಾಗೇ ಉಳಿದಿದೆಯಲ್ಲ?’
ತಿರ್ಜಾ ಮಗುವನ್ನು ಸೊಂಟದ ಮೇಲಿಟ್ಟು ಬಗ್ಗಿ ನೋಡುತ್ತಾಳೆ.
‘ಬಿಡುತ್ತಿಲ್ಲ’ ಅಂದೆ.

ಬಾಗಿಲಾಚೆ
ಅಮ್ಮ ಬೂಟಿನ ಹಿಮ ಒದರುವ ಸದ್ದು.